ಕಲಬುರಗಿಯ ಬಿಸಿಲಿನಲ್ಲಿ, ಮನೆಯೊಳಗೆ, ನೀರಿನಲ್ಲೇ ಮೆಣಸಿನ ಗಿಡ

ಮಣ್ಣಿಲ್ಲದೆ ಬರೀ ನೀರಿನಲ್ಲಿ ಮೆಣಸಿನಕಾಯಿ ಬೆಳೆಯುವ ಹೈಡ್ರೋಪೋನಿಕ್ಸ್ ವಿಧಾನವನ್ನು ಹೇಳಿಕೊಡುವವರು ಸಾಮಾನ್ಯವಾಗಿ ಗೊಬ್ಬರದ ಲೆಕ್ಕದಿಂದ ಆರಂಭಿಸುತ್ತಾರೆ. ಕಲಬುರಗಿಯವರು ಆ ಲೆಕ್ಕವನ್ನು ಆಮೇಲೆ ನೋಡಿಕೊಳ್ಳಬಹುದು. ಇಲ್ಲಿ ಗಿಡದ ಹಣೆಬರಹವನ್ನು ಬರೆಯುವುದು ಎರಡೇ ಸಂಗತಿಗಳು: ನೀರಿನ ಗಡಸುತನ ಮತ್ತು ನೀರಿನ ಬಿಸಿ. ಇವೆರಡನ್ನು ಹಿಡಿತಕ್ಕೆ ತಂದುಕೊಂಡರೆ ಎರಡು ಬಕೆಟ್‌ಗಳ ಗಿಡಗಳಿಂದ ಒಂದು ಸಣ್ಣ ಮನೆಯ ಹಸಿ ಖಾರಕ್ಕೆ ಬೇಕಾದಷ್ಟು ಕಾಯಿ ಸಿಗುತ್ತದೆ. ನಾನು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಬ್ರಹ್ಮಪುರದ ಹಳೆಯ ಮನೆಯ ನಡುಮನೆಯಲ್ಲಿ ಗಿಡಗಳನ್ನು ಇಟ್ಟುಕೊಂಡಿದ್ದೇನೆ. ನಾನು ಮಾಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಳಿ. ಮನೆಯೊಳಗೆ ಬ್ಯಾಡಗಿ ಬೇಡ. ಅದರ ಹಿರಿಮೆ ಇರುವುದು ಒಣಗಿದ ಮೇಲಿನ ಬಣ್ಣದಲ್ಲಿ, ಖಾರ ಕಡಿಮೆ. ಶಹಾಪುರ, ಸುರಪುರದ ಕಾಲುವೆ ಹೊಲಗಳಲ್ಲಿ ಬೆಳೆಯುವ ಗುಂಟೂರು ಜಾತಿಗಳೂ ಒಣಕಾಯಿಗೆಂದೇ ಇರುವಂಥವು. ಹಸಿಯಾಗಿ ಕೊಯ್ದು ರೊಟ್ಟಿಯ ಜೊತೆ ತಿನ್ನಲು ಪೂಸಾ ಜ್ವಾಲಾ ನನ್ನ ಆಯ್ಕೆ. ಗಿಡ ಗಿಡ್ಡಗಿರುತ್ತದೆ, ಕಾಯಿ ಉದ್ದ, ತೆಳು, ಸುಕ್ಕುಸುಕ್ಕು, ಖಾರ ಚೆನ್ನಾಗಿರುತ್ತದೆ. 2007ರಲ್ಲಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎಂದು ಗಿನ್ನೆಸ್ ದಾಖಲೆ ಸೇರಿದ ಭೂತ್ ಜೋಲೋಕಿಯಾವನ್ನೂ ಇದೇ ವಿಧಾನದಲ್ಲಿ ಬೆಳೆಯಬಹುದು. ಆದರೆ ಅದರ ಬೀಜ ಮೊಳೆಯಲು ಕೆಲವೊಮ್ಮೆ ಒಂದು ತಿಂಗಳೇ ಹಿಡಿಯುತ್ತದೆ, ಕಾಯಿಗೂ ತುಂಬ ಕಾಯಬೇಕು. ಮೊದಲ ಸಲಕ್ಕೆ ಜ್ವಾಲಾ ಸಾಕು. ಬೀಜವನ್ನು ನೆಹರು ಗಂಜ್ ಕಡೆಯ ಬೀಜದಂಗಡಿಯಿಂದ ತನ್ನಿ. ಸಂತೆಯ ಕಾಯಿಯಿಂದ ತೆಗೆದ ಬೀಜ ಹೈಬ್ರಿಡ್ ಗಿಡದ್ದಾಗಿದ್ದರೆ ತಾಯಿಯ ಗುಣ ಬರುವುದಿಲ್ಲ.

ಮೃಗಶಿರಾ ಮಳೆ ಬಿದ್ದು ಗಾಳಿ ತಂಪಾದ ಮೇಲೆ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಬೀಜ ಹಾಕಿ. ತೊಳೆದು ಹಿಂಡಿದ ತೆಂಗಿನ ನಾರಿನ ಪುಡಿಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜವಿಟ್ಟು, ತೇವ ಆರದಂತೆ ಮುಚ್ಚಿಟ್ಟರೆ ಏಳರಿಂದ ಹದಿನಾಲ್ಕು ದಿನಗಳಲ್ಲಿ ಮೊಳಕೆ ಬರುತ್ತದೆ. ಬೀಜಕ್ಕೆ ಬೇಕಾದ 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ತಾನಾಗಿಯೇ ಇರುತ್ತದೆ. ಬೀಜದೆಲೆಗಳ ನಂತರ ನಾಲ್ಕೈದು ನಿಜವಾದ ಎಲೆಗಳು ಮೂಡಿದಾಗ ಸಸಿಯನ್ನು ಜಾಲರಿ ಕುಂಡಕ್ಕೆ ವರ್ಗಾಯಿಸಿ, ಸುತ್ತ ಜೇಡಿಮಣ್ಣಿನ ಸುಟ್ಟ ಗುಂಡುಗಳನ್ನು ತುಂಬಿ.

ಬಕೆಟ್ 15ರಿಂದ 20 ಲೀಟರಿನದಾಗಿರಲಿ, ಒಂದು ಬಕೆಟ್‌ಗೆ ಒಂದೇ ಗಿಡ. ಬೆಳಕು ಒಳಗೆ ಹೋದರೆ ಪಾಚಿ ಕಟ್ಟುತ್ತದೆ. ಆದ್ದರಿಂದ ಹೊರಗೆ ಮೊದಲು ಕಪ್ಪು ಬಣ್ಣ, ಅದರ ಮೇಲೆ ಬಿಳಿ ಬಣ್ಣ ಬಳಿಯಿರಿ: ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಬಿಸಿಯನ್ನು ಹಿಂದಕ್ಕೆ ಕಳಿಸುತ್ತದೆ. ಮುಚ್ಚಳದಲ್ಲಿ ಜಾಲರಿ ಕುಂಡ ಸರಿಯಾಗಿ ಕೂರುವಷ್ಟು ರಂಧ್ರ ಕೊರೆಯಿರಿ. ಬಕೆಟ್‌ನೊಳಗೆ ಮೀನಿನ ತೊಟ್ಟಿಯ ಗಾಳಿ ಪಂಪ್‌ಗೆ ಜೋಡಿಸಿದ ಗಾಳಿಕಲ್ಲು ಇಳಿಬಿಡಿ. ಪಂಪನ್ನು ಮಾತ್ರ ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಯ ಮೊಳೆಗೆ ತೂಗುಹಾಕಿ. ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ಕೊಳವೆಯ ಮೂಲಕ ಹಿಂದಕ್ಕೆ ಹರಿದು ಪಂಪಿಗೇ ನುಗ್ಗುತ್ತದೆ.

ಪಂಪ್ ಇಲ್ಲದೆಯೂ ಬೆಳೆಯುವ ವಿಧಾನವೊಂದಿದೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅವರು ಅದನ್ನು ರೂಪಿಸಿದ್ದರಿಂದ ಅವರ ಹೆಸರಿನಲ್ಲೇ ಕರೆಯುತ್ತಾರೆ. ಸೊಪ್ಪಿಗೆ ಅದು ಸೊಗಸಾಗಿ ಒಪ್ಪುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಮೆಣಸಿನ ಗಿಡಕ್ಕೆ, ಅದೂ ನಮ್ಮ ಸೆಕೆಯಲ್ಲಿ, ನಾನು ಅದನ್ನು ಸೂಚಿಸಲಾರೆ. ಆದರೂ ಅದರಿಂದ ಒಂದು ಪಾಠ ತೆಗೆದುಕೊಳ್ಳಿ. ಸಸಿ ಚಿಕ್ಕದಿರುವಾಗ ನೀರು ಕುಂಡದ ತಳವನ್ನು ಮುಟ್ಟುತ್ತಿರಲಿ. ಬೇರು ಇಳಿದ ಮೇಲೆ ಮಟ್ಟವನ್ನು ನಾಲ್ಕೈದು ಸೆಂಟಿಮೀಟರ್ ತಗ್ಗಿಸಿ. ಆ ತೆರಪಿನಲ್ಲಿ ಹಬ್ಬುವ ಬೇರುಗಳು ನೇರವಾಗಿ ಗಾಳಿಯನ್ನೇ ಉಸಿರಾಡುತ್ತವೆ. ವಿದ್ಯುತ್ ಹೋಗಿ ಪಂಪ್ ನಿಂತ ಹೊತ್ತಿನಲ್ಲಿ ಗಿಡವನ್ನು ಕಾಯುವುದು ಅವೇ.

ಈಗ ನೀರಿನ ಮಾತು. ನಮ್ಮ ಜಿಲ್ಲೆಯ ದಕ್ಷಿಣ ಭಾಗದ ತುಂಬ ಸುಣ್ಣಕಲ್ಲಿನ ಹಾಸು. ನೆಲಕ್ಕೆ ಹಾಸುವ ಶಹಾಬಾದಿನ ಪರಸಿ ಕಲ್ಲು, ಸೇಡಂ ಮತ್ತು ವಾಡಿಯ ಸಿಮೆಂಟ್ ಕಾರ್ಖಾನೆಗಳು ಎಲ್ಲವೂ ಆ ಕಲ್ಲನ್ನೇ ನಂಬಿವೆ. ನಗರದ ಬೋರ್‌ವೆಲ್ ನೀರೂ ಗಡಸೇ. ನೀರು ಕಾಯಿಸುವ ಪಾತ್ರೆಯ ಒಳಗೆ ಕಟ್ಟುವ ಬಿಳಿ ಪದರವೇ ಅದಕ್ಕೆ ಸಾಕ್ಷಿ. ಇಂಥ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿರುವುದರಿಂದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಮೇಲಕ್ಕೇ ಏರುತ್ತಿರುತ್ತದೆ. ಮೆಣಸಿನ ಗಿಡಕ್ಕೆ ಬೇಕಾದದ್ದು 5.8ರಿಂದ 6.3ರ ಪಿಎಚ್. ಏಳನ್ನು ದಾಟಿತೆಂದರೆ ಕಬ್ಬಿಣಾಂಶ ನೀರಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ, ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಗೆ ತಿರುಗುತ್ತವೆ. ಆಗ ಹೆಚ್ಚು ಗೊಬ್ಬರ ಸುರಿದು ಪ್ರಯೋಜನವಿಲ್ಲ.

ಹೀಗೆ ಮಾಡಿ. ಬೋರ್‌ವೆಲ್ ನೀರಿಗೆ ಆರ್‌ಒ ನೀರನ್ನು ಬೆರೆಸಿ, ಗೊಬ್ಬರ ಹಾಕುವ ಮೊದಲೇ ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ 200 ಪಿಪಿಎಂ ಆಸುಪಾಸಿಗೆ ಇಳಿಸಿ. ಮಳೆಗಾಲದಲ್ಲಿ ಮಾಳಿಗೆಯಿಂದ ಹಿಡಿದ ನೀರು ಸಿಕ್ಕರೆ ಆರ್‌ಒ ನೀರಿನ ಬದಲು ಅದನ್ನೇ ಬಳಸಿ, ಅದು ಇನ್ನೂ ಒಳ್ಳೆಯದು. ಉಪ್ಪು ಹಾಕಿ ನೀರನ್ನು ಮೆದುಗೊಳಿಸುವ ಯಂತ್ರದ ನೀರು ಬೇಡವೇ ಬೇಡ: ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ತುಂಬುತ್ತದೆ. ಗೊಬ್ಬರ ಕರಗಿಸಿದ ಮೇಲೆ ತೆಳುವಾದ ಫಾಸ್ಫಾರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ ಪಿಎಚ್ ಇಳಿಸಿ. ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಏರಿದ್ದರೆ ಮತ್ತೆ ಇಳಿಸಿ. ನಿಂಬೆರಸವೂ ಇಳಿಸುತ್ತದೆ, ಆದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸಿದೊಡನೆ ಪಿಎಚ್ ಹಳೆಯ ಜಾಗಕ್ಕೆ ಬರುತ್ತದೆ. ಆಮ್ಲವನ್ನು ತೆಳುಗೊಳಿಸುವಾಗ ಯಾವಾಗಲೂ ನೀರಿಗೆ ಆಮ್ಲವನ್ನು ಸೇರಿಸಿ, ಆಮ್ಲಕ್ಕೆ ನೀರನ್ನಲ್ಲ. ಕೈಗವಸು, ಕನ್ನಡಕ ಇರಲಿ. ಕೆಳಗೊಂದು ಪ್ಲಾಸ್ಟಿಕ್ ತಟ್ಟೆಯೂ ಇರಲಿ, ಏಕೆಂದರೆ ನೆಲಕ್ಕೆ ಪರಸಿ ಹಾಸಿದ್ದರೆ ಒಂದು ಹನಿ ಆಮ್ಲ ಬಿದ್ದರೂ ಬುಸ್ಸೆಂದು ಗುಳ್ಳೆ ಎದ್ದು ಕಲೆ ಉಳಿಯುತ್ತದೆ. ಬಕೆಟ್‌ನ ನೀರಿನಲ್ಲಿ ಕಣ್ಣಿಗೆ ಕಾಣದಂತೆ ನಡೆಯುವುದೂ ಹೆಚ್ಚುಕಡಿಮೆ ಅದೇ ಕ್ರಿಯೆ. ನಮ್ಮ ನೀರು ಇಷ್ಟೊಂದು ಆಮ್ಲ ಕುಡಿಯುವುದೇಕೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಪರಸಿಯ ಚೂರಿನ ಮೇಲೆ ಆಮ್ಲ ಬಿಟ್ಟೇ ತೋರಿಸುತ್ತೇನೆ.

ಗೊಬ್ಬರ ಸರಳ. ಹತ್ತು ಲೀಟರ್ ನೀರಿಗೆ 4:18:38 ಅನುಪಾತದ (ಸಾರಜನಕ, ರಂಜಕ, ಪೊಟ್ಯಾಷ್), ಸೂಕ್ಷ್ಮ ಪೋಷಕಾಂಶಗಳಿರುವ ಎನ್‌ಪಿಕೆ 6 ಗ್ರಾಂ ಕರಗಿಸಿ, ಆಮೇಲೆ ಮೆಗ್ನೀಸಿಯಂ ಸಲ್ಫೇಟ್ 3 ಗ್ರಾಂ, ಎಲ್ಲ ಪೂರ್ತಿ ಕರಗಿದ ಮೇಲೆ ಕೊನೆಗೆ ಕ್ಯಾಲ್ಸಿಯಂ ನೈಟ್ರೇಟ್ 6 ಗ್ರಾಂ. ಮೂರನ್ನೂ ಸ್ವಲ್ಪವೇ ನೀರಿನಲ್ಲಿ ಗಟ್ಟಿಯಾಗಿ ಕಲಸಿದರೆ ಕ್ಯಾಲ್ಸಿಯಂ, ಸಲ್ಫೇಟ್ ಹಾಗೂ ಫಾಸ್ಫೇಟ್ ಜೊತೆ ಸೇರಿ ಸುಣ್ಣದಂತೆ ತಳಕ್ಕಿಳಿಯುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಎಳೆಯ ಸಸಿಗೆ ಇದರ ಅರ್ಧ ಪ್ರಮಾಣ ಕೊಡಿ. ದ್ರಾವಣದ ಗಾಢತೆಯನ್ನು ವಿದ್ಯುತ್ ವಾಹಕತೆಯಿಂದ ತೋರಿಸುವ ಇಸಿ ಮೀಟರ್ (mS/cm) ಇದ್ದರೆ ಸಸಿಗೆ 1ರ ಹತ್ತಿರ, ಬೆಳೆಯುವ ಗಿಡಕ್ಕೆ 1.6ರಿಂದ 2, ಕಾಯಿ ಹಿಡಿದಾಗ 2ರಿಂದ 2.4 ಇರಲಿ. ಹೊಲಕ್ಕೆ ಬಳಸುವ 19:19:19 ಇಲ್ಲಿ ಒಪ್ಪುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಸಾರಜನಕದ ದೊಡ್ಡ ಪಾಲು ಯೂರಿಯಾ ರೂಪದಲ್ಲಿರುತ್ತದೆ, ಅದನ್ನು ಪರಿವರ್ತಿಸುವ ಮಣ್ಣಿನ ಜೀವಿಗಳು ಬಕೆಟ್‌ನಲ್ಲಿ ಸಾಕಷ್ಟಿರುವುದಿಲ್ಲ. ಜೀವಾಮೃತವನ್ನೂ ಸುರಿಯಬೇಡಿ, ನೀರು ಕೊಳೆಯುತ್ತದೆ. ಎರಡು ವಾರಕ್ಕೊಮ್ಮೆ ಬಕೆಟ್ ಖಾಲಿ ಮಾಡಿ ಹೊಸ ದ್ರಾವಣ ತುಂಬಿ. ಹಳೆಯ ನೀರನ್ನು ಅಂಗಳದ ಮಲ್ಲಿಗೆಗೋ ಕರಿಬೇವಿಗೋ ಹಾಕಿ.

ನೀರಿನ ಬಿಸಿಯನ್ನು ಪ್ರತಿದಿನ ನೋಡಿ. 18ರಿಂದ 24 ಡಿಗ್ರಿ ಉತ್ತಮ. 28 ದಾಟಿದರೆ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗಿ ಪಿಥಿಯಂ ಎಂಬ ಸೂಕ್ಷ್ಮಜೀವಿ ತರುವ ಬೇರುಕೊಳೆ ರೋಗಕ್ಕೆ ದಾರಿಯಾಗುತ್ತದೆ. ಬಿಳಿಯ ಬೇರು ಕಂದಾಗಿ, ಲೋಳೆಯಾಗಿ, ಕೆಟ್ಟ ವಾಸನೆ ಬಂದರೆ ಅದೇ ರೋಗ. ನಮ್ಮ ಬೇಸಿಗೆಯ ಗಾಳಿ ಒಣಗಾಳಿ, ಅದನ್ನೇ ಉಪಯೋಗಕ್ಕೆ ತಂದುಕೊಳ್ಳಿ: ಬಕೆಟ್ ಸುತ್ತ ಗೋಣಿಚೀಲ ಸುತ್ತಿ, ತಳವನ್ನು ಮರಳು ಮತ್ತು ನೀರು ತುಂಬಿದ ಅಗಲ ಬೋಗುಣಿಯಲ್ಲಿಟ್ಟು, ಫ್ಯಾನಿನ ಗಾಳಿ ತಾಗುವಂತೆ ಮಾಡಿ. ಮಣ್ಣಿನ ಕೊಡದ ನೀರು ತಣ್ಣಗಾಗುವ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ತೀರಾ ಸೆಕೆಯ ಮಧ್ಯಾಹ್ನಗಳಲ್ಲಿ ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿದ ಒಂದು ಲೀಟರ್ ಬಾಟಲಿಯನ್ನು ಮುಚ್ಚಳ ಬಿಗಿಮಾಡಿ ಬಕೆಟ್‌ನಲ್ಲಿ ತೇಲಿಬಿಡುತ್ತೇನೆ. ದಪ್ಪ ಗೋಡೆಯ ಹಳೆಯ ಮನೆ, ನೆಲದಲ್ಲಿ ಪರಸಿ, ಇವೆರಡೂ ಇರುವವರ ಪಾಲಿಗೆ ಅರ್ಧ ಕೆಲಸ ಆಗಲೇ ಆಗಿದೆ.

ಬೆಳಕಿಗೆ ಕಿಟಕಿಯೊಂದನ್ನೇ ನಂಬಬೇಡಿ. ಚಳಿಗಾಲದಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಕ್ಕೆ ಬರುತ್ತದೆ. ಏಪ್ರಿಲ್ ಬಂದರೆ ಸೂರ್ಯ ನಡುನೆತ್ತಿಗೇರಿ ಕಿಟಕಿಯೊಳಗೆ ಬಿಸಿಲೇ ಬೀಳುವುದಿಲ್ಲ. ಒಂದು ಗಿಡಕ್ಕೆ 20 ವಾಟಿನ ಎರಡು ಬಿಳಿ ಎಲ್‌ಇಡಿ ಪಟ್ಟಿಗಳನ್ನು ತುದಿಯಿಂದ ಒಂದು ಗೇಣಿನಷ್ಟು ಮೇಲೆ ಕಟ್ಟಿ, ಟೈಮರ್ ಇಟ್ಟು ದಿನಕ್ಕೆ 14ರಿಂದ 16 ಗಂಟೆ ಉರಿಸಿ.

ಮನೆಯೊಳಗೆ ಜೇನುಹುಳುವೂ ಇಲ್ಲ, ಬೀಸುವ ಗಾಳಿಯೂ ಇಲ್ಲ. ಮೆಣಸಿನ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳಿರುವುದರಿಂದ ಬೆಳಿಗ್ಗೆ ರೆಂಬೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು, ಪರಾಗ ಉದುರಿ ಕಾಯಿ ಕಟ್ಟುತ್ತದೆ. ಗಿಡ ಇನ್ನೂ ಚಿಕ್ಕದಿರುವಾಗ ಬಂದ ಮೊದಲ ಹೂಗಳನ್ನು ಚಿವುಟಿ ಹಾಕಿ. ಕಾಯಿಯ ತುದಿ ಕಪ್ಪಾಗಿ ಕೊಳೆತರೆ ಕ್ಯಾಲ್ಸಿಯಂ ಅಲ್ಲಿಗೆ ತಲುಪುತ್ತಿಲ್ಲ ಎಂದರ್ಥ. ಮೊದಲು ನೀರಿನ ಬಿಸಿಯನ್ನೂ ಬೇರನ್ನೂ ನೋಡಿ, ಆಮೇಲೆ ಗೊಬ್ಬರವನ್ನು.

ಎಲೆ ಮುಟುರಿಕೊಂಡರೆ ಹಿಂಬದಿ ತಿರುಗಿಸಿ ನೋಡಿ. ಅಂಚು ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್, ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ, ದೀಪ ಆರಿಸಿದ ಮೇಲೆ ಎಲೆಯ ಕೆಳಬದಿಗೆ ಸಿಂಪಡಿಸಿ. ಸಿಂಪಡಿಸುವಾಗ ಬಕೆಟ್‌ನ ಮುಚ್ಚಳದ ಮೇಲೆ ಬಟ್ಟೆ ಹೊದಿಸಿ.

ಕಾಯಿ ಹಸಿರಿರುವಾಗಲೇ ತೊಟ್ಟಿನ ಸಮೇತ ಕತ್ತರಿಯಿಂದ ಕೊಯ್ಯಿರಿ, ಗಿಡ ಮತ್ತೆ ಹೂ ಬಿಡುತ್ತದೆ. ಹಗಲು 35 ದಾಟಿ ರಾತ್ರಿಯೂ ಸೆಕೆ ಇಳಿಯದ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೂ ಉದುರುತ್ತದೆ. ಯಾವ ಔಷಧಿಯೂ ಅದನ್ನು ತಡೆಯುವುದಿಲ್ಲ. ಮೆಣಸಿನ ಗಿಡ ಬಹುವಾರ್ಷಿಕ. ಮಾರ್ಚ್ ಕೊನೆಗೆ ಕೊನೆಯ ಕಾಯಿ ಕೊಯ್ದು, ಗಿಡವನ್ನು ಒಂದು ಗೇಣಿನೆತ್ತರಕ್ಕೆ ಸವರಿ, ಕಂದಾದ ಬೇರುಗಳನ್ನು ಕತ್ತರಿಸಿ, ಅರ್ಧ ಪ್ರಮಾಣದ ಗೊಬ್ಬರದಲ್ಲಿ ಬೇಸಿಗೆ ಕಳೆಯಲು ಬಿಡಿ. ದೀಪ ಉರಿಯುವ ಅವಧಿಯನ್ನು ದಿನಕ್ಕೆ 10 ಗಂಟೆಗೆ ಇಳಿಸಿ, ಅದೂ ರಾತ್ರಿಯ ತಂಪಿನಲ್ಲಿ ಉರಿಯುವಂತೆ ಟೈಮರ್ ತಿರುಗಿಸಿ. ಮಳೆ ಹಿಡಿದ ಮೇಲೆ ಹೊಸ ಚಿಗುರು ಕಂಡಾಗ ಪೂರ್ಣ ಪ್ರಮಾಣಕ್ಕೆ ಹಿಂತಿರುಗಿ.