ಮನೆತನದಲ್ಲಿ ಮೂತ್ರಪಿಂಡದ ಕಲ್ಲು ಇದ್ದರೆ ಕಾರಣ ಹುಡುಕುವ ಕ್ರಮ

ತಂದೆಗೋ ಅಕ್ಕನಿಗೋ ಮೂತ್ರಪಿಂಡದಲ್ಲಿ ಕಲ್ಲಾಗಿತ್ತೆಂಬ ಸಂಗತಿ ವೈದ್ಯರ ಕಡತದಲ್ಲಿ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಸಾಲು ಸಾಲದು. ಕಲ್ಲು ಯಾವ ವಯಸ್ಸಿನಲ್ಲಾಯಿತು, ಎಷ್ಟು ಸಲ ಮರುಕಳಿಸಿತು, ಯಾವ ವಸ್ತುವಿನಿಂದಾಗಿತ್ತು ಎಂಬ ವಿವರಗಳೇ ಆನುವಂಶಿಕ ಕಾರಣದ ಜಾಡು ತೋರಿಸುತ್ತವೆ. ಅವನ್ನು ಕಲೆಹಾಕುವ ಕೆಲಸವನ್ನು ಕುಟುಂಬದವರೇ ಮಾಡಬೇಕು.

ವಂಶದ ಪಾಲು ಎಷ್ಟೆಂಬುದನ್ನು ಮೊದಲು ಅರಿಯುವುದು ಒಳ್ಳೆಯದು. 2005ರಲ್ಲಿ ಪ್ರಕಟವಾದ, ಅಮೆರಿಕದ ಪುರುಷ ಅವಳಿಗಳ ಅಧ್ಯಯನವೊಂದರಲ್ಲಿ, ತದ್ರೂಪಿ ಅವಳಿಗಳಲ್ಲಿ ಒಬ್ಬನಿಗೆ ಕಲ್ಲಾಗಿದ್ದಾಗ ಇನ್ನೊಬ್ಬನಿಗೂ ಆಗಿದ್ದ ಪ್ರಮಾಣ ಸುಮಾರು ಶೇಕಡ 32 ಇದ್ದರೆ, ತದ್ರೂಪಿಗಳಲ್ಲದ ಅವಳಿಗಳಲ್ಲಿ ಅದು ಸುಮಾರು ಶೇಕಡ 17ರಷ್ಟಿತ್ತು. ವಂಶವಾಹಿಗಳ ಪ್ರಭಾವ ಇಲ್ಲಿ ಎದ್ದು ಕಾಣುತ್ತದೆ. ಆದರೆ ಪೂರ್ತಿ ಒಂದೇ ವಂಶವಾಹಿಗಳಿದ್ದ ಜೋಡಿಗಳಲ್ಲೂ ಮೂರರಲ್ಲಿ ಎರಡು ಪಾಲಿನಲ್ಲಿ ಇನ್ನೊಬ್ಬನಿಗೆ ಕಲ್ಲಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಹೆಚ್ಚಿನವರಲ್ಲಿ ಅಪಾಯ ಬರುವುದು ಹಲವು ಸಣ್ಣ ವ್ಯತ್ಯಾಸಗಳ ಕೂಟದಿಂದ. ಕ್ಲಾಡಿನ್-14 ಎಂಬ ವಂಶವಾಹಿಯಲ್ಲಿ 2009ರಲ್ಲಿ ಗುರುತಿಸಿದ ಅಂತಹದೊಂದು ವ್ಯತ್ಯಾಸದ ಎರಡೂ ಪ್ರತಿಗಳು, ಅಧ್ಯಯನ ನಡೆದ ಐಸ್‌ಲ್ಯಾಂಡ್ ಮತ್ತು ನೆದರ್‌ಲ್ಯಾಂಡ್ಸ್‌ಗಳಲ್ಲಿ, ಸುಮಾರು ಶೇಕಡ 62ರಷ್ಟು ಜನರಲ್ಲಿದ್ದವು. ಅರ್ಧಕ್ಕಿಂತ ಹೆಚ್ಚು ಜನರಲ್ಲಿರುವುದನ್ನು ದುಡ್ಡು ಕೊಟ್ಟು ಪರೀಕ್ಷಿಸಿಕೊಂಡು ಪ್ರಯೋಜನವಿಲ್ಲ. ಹುಡುಕಬೇಕಾದ್ದು ಒಂದೇ ವಂಶವಾಹಿಯ ದೋಷದಿಂದ ಬರುವ ವಿರಳ ಕಾಯಿಲೆಗಳನ್ನು.

ಅದಕ್ಕಾಗಿ ಮೂರು ತಲೆಮಾರುಗಳ ವಂಶವೃಕ್ಷವನ್ನು ಬರೆದಿಟ್ಟುಕೊಳ್ಳಿ. ಕಲ್ಲಿನ ಜೊತೆಗೆ ಮೂತ್ರಪಿಂಡ ವೈಫಲ್ಯ, ಡಯಾಲಿಸಿಸ್, ಕಿವುಡುತನ, ಮಕ್ಕಳ ಕುಂಠಿತ ಬೆಳವಣಿಗೆ, ರಕ್ತಸಂಬಂಧದೊಳಗಿನ ಮದುವೆ ಇವೆಲ್ಲವನ್ನೂ ಗುರುತು ಹಾಕಿ. ತಂದೆತಾಯಿಗೆ ಏನೂ ಇಲ್ಲದೆ ಒಡಹುಟ್ಟಿದವರಲ್ಲಿ ಇಬ್ಬರಿಗೆ ಚಿಕ್ಕಂದಿನಲ್ಲೇ ಕಲ್ಲಾಗಿದ್ದರೆ ಅಪ್ರಬಲ ಆನುವಂಶಿಕತೆಯನ್ನು, ಅಂದರೆ ದೋಷವಿರುವ ಪ್ರತಿ ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಯಿಲೆಯಾಗುವ ಬಗೆಯನ್ನು, ಶಂಕಿಸಬೇಕು; ಸಿಸ್ಟಿನ್ ಎಂಬ ಅಮೈನೋ ಆಮ್ಲ ಮೂತ್ರದಲ್ಲಿ ಅತಿಯಾಗಿ ಹೋಗುವ ಸಿಸ್ಟಿನೂರಿಯಾ, ದೇಹದಲ್ಲಿ ಆಕ್ಸಲೇಟ್ ಎಂಬ ವಸ್ತು ಅತಿಯಾಗಿ ತಯಾರಾಗುವ ಪ್ರಾಥಮಿಕ ಹೈಪರ್‌ಆಕ್ಸಲೂರಿಯಾಗಳು ಹೀಗೆಯೇ ಕಾಣಿಸಿಕೊಳ್ಳುತ್ತವೆ. ತಾಯಿಯ ಕಡೆಯ ಗಂಡಸರಲ್ಲೇ ತೊಂದರೆ ಕಂಡುಬಂದರೆ ಎಕ್ಸ್ ವರ್ಣತಂತುವಿನ ಮೂಲಕ ಬರುವ, ಮೂತ್ರಪಿಂಡದ ಸಣ್ಣ ನಾಳಗಳನ್ನು ಕೆಡಿಸುವ ಡೆಂಟ್ ಕಾಯಿಲೆಯ ನೆನಪಾಗಬೇಕು. ಕಲ್ಲಿನೊಡನೆ ಕಿವುಡುತನವೂ ಇದ್ದರೆ, ಮೂತ್ರಪಿಂಡವು ಆಮ್ಲವನ್ನು ಹೊರಹಾಕಲಾರದ ಒಂದು ಬಗೆಯ ನಾಳದೋಷ ಇರಬಹುದು.

ಇನ್ನು ಕಲ್ಲು. ಅದನ್ನು ಎಸೆಯುವುದಕ್ಕಿಂತ ದೊಡ್ಡ ನಷ್ಟ ಈ ವಿಷಯದಲ್ಲಿ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ. ನೋವು ಬಂದ ದಿನಗಳಲ್ಲಿ ಮೂತ್ರವನ್ನು ಸಣ್ಣ ಜಾಲರಿಯಲ್ಲಿ ಸೋಸಿ, ಸಿಕ್ಕ ಚೂರನ್ನು ತೊಳೆದು ಒಣಗಿಸಿ, ಯಾವ ದ್ರವವನ್ನೂ ಹಾಕದೆ, ಅಂಟುಪಟ್ಟಿ ಸುತ್ತದೆ, ಒಣ ಡಬ್ಬಿಯಲ್ಲಿಟ್ಟು ಪ್ರಯೋಗಾಲಯಕ್ಕೆ ಕೊಡಿ. ಅತಿಗೆಂಪು ಕಿರಣದ ಪರೀಕ್ಷೆಯಲ್ಲಿ ಅದು ಸಿಸ್ಟಿನ್ ಎಂದು ಗೊತ್ತಾದರೆ ಕಾಯಿಲೆ ಪತ್ತೆಯಾದಂತೆಯೇ, ಏಕೆಂದರೆ ಸಿಸ್ಟಿನೂರಿಯಾ ಇಲ್ಲದವರಲ್ಲಿ ಆ ಕಲ್ಲು ಆಗುವುದಿಲ್ಲ. ಯೂರಿಕ್ ಆಮ್ಲದ ಕಲ್ಲೆಂದು ವರದಿ ಬಂದದ್ದು ಕೆಲವೊಮ್ಮೆ ಎಪಿಆರ್‌ಟಿ ಕಿಣ್ವದ ಕೊರತೆಯಿಂದಾದ ಬೇರೆಯೇ ಕಲ್ಲಾಗಿರುತ್ತದೆ. ಎರಡೂ ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣವು, ಆದ್ದರಿಂದ ಮಗುವಿನಲ್ಲಿ ಅಂತಹ ವರದಿ ಬಂದರೆ ಮರುಪರೀಕ್ಷೆ ಕೇಳಬೇಕು.

ಮುಂದಿನದು, ಕಲ್ಲು ಕಟ್ಟುವ ವಸ್ತುಗಳು ಮೂತ್ರದಲ್ಲಿ ಎಷ್ಟು ಹೋಗುತ್ತಿವೆ ಎಂದು ನೋಡುವ 24 ಗಂಟೆಗಳ ಮೂತ್ರ ಪರೀಕ್ಷೆ. ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಆಮೇಲಿನದೆಲ್ಲವನ್ನೂ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ ಸೇರಿಸಿಡಬೇಕು; ಊಟ, ನೀರು ಎಂದಿನಂತೆಯೇ ಇರಲಿ.

ವಂಶವಾಹಿ ಪರೀಕ್ಷೆ ಎಲ್ಲರಿಗೂ ಬೇಡ. ಬಾಲ್ಯದಲ್ಲಿ ಅಥವಾ ಎಳೆ ಹರೆಯದಲ್ಲಿ ಕಲ್ಲಾದವರಿಗೆ, ಪದೇ ಪದೇ ಎರಡೂ ಕಡೆ ಆಗುವವರಿಗೆ, ಮೂತ್ರಪಿಂಡದ ಒಳಗೇ ಸುಣ್ಣ ಕಟ್ಟಿದವರಿಗೆ, ಅದರ ಕಾರ್ಯಕ್ಷಮತೆ ಕುಗ್ಗಿದವರಿಗೆ ಅದು ಅಗತ್ಯ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಲ್ಲಿನ ಚಿಕಿತ್ಸಾಲಯಗಳಿಗೆ ಬಂದವರ ಪೈಕಿ ಸುಮಾರು ಶೇಕಡ 15ರಷ್ಟು ಮಂದಿಯಲ್ಲಿ ಒಂದೇ ವಂಶವಾಹಿಯ ದೋಷ ಸಿಕ್ಕಿತು; ಮಕ್ಕಳಲ್ಲಿ ಇದು ಇನ್ನೂ ಹೆಚ್ಚು.

ಫಲಿತಾಂಶ ಚಿಕಿತ್ಸೆಯನ್ನೇ ಬದಲಿಸಬಲ್ಲದು. ಸಾಮಾನ್ಯವಾಗಿ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಸಾಕೆನ್ನುತ್ತಾರೆ. ಸಿಸ್ಟಿನೂರಿಯಾ ಇರುವವರು ಅದಕ್ಕಿಂತ ಹೆಚ್ಚು ಕುಡಿಯಬೇಕು, ರಾತ್ರಿ ಎದ್ದು ಕೂಡ. ಸಿವೈಪಿ24ಎ1 ಎಂಬ ವಂಶವಾಹಿಯಲ್ಲಿ ದೋಷವಿರುವವರಿಗೆ ವಿಟಮಿನ್ ಡಿ ಮಾತ್ರೆ ಅಪಾಯಕಾರಿ, ಏಕೆಂದರೆ ಆ ವಿಟಮಿನ್ ಅವರ ದೇಹದಲ್ಲಿ ಸರಿಯಾಗಿ ವಿಭಜನೆಗೊಳ್ಳದು. ಮೊದಲನೆಯ ಬಗೆಯ ಹೈಪರ್‌ಆಕ್ಸಲೂರಿಯಾದಲ್ಲಿ ಕೆಲವರಿಗೆ ಪಿರಿಡಾಕ್ಸಿನ್ (ವಿಟಮಿನ್ ಬಿ6) ಫಲಿಸುತ್ತದೆ, 2020ರಿಂದ ಲುಮಾಸಿರಾನ್ ಎಂಬ ಔಷಧವೂ ಇದೆ. ಈ ಕಾಯಿಲೆಯ ಮೂಲ ಇರುವುದು ಯಕೃತ್ತಿನಲ್ಲಿ. ಅದು ತಿಳಿಯದೆ ಮೂತ್ರಪಿಂಡವನ್ನಷ್ಟೇ ಕಸಿ ಮಾಡಿದರೆ ಯಕೃತ್ತಿನಿಂದ ಬರುವ ಆಕ್ಸಲೇಟ್ ಹೊಸ ಮೂತ್ರಪಿಂಡವನ್ನೂ ಕೆಡಿಸಬಹುದು. ಆದ್ದರಿಂದ ಕಸಿಯ ಮಾತು ಬರುವುದಕ್ಕೆ ಮೊದಲೇ ಪರೀಕ್ಷೆ ಮುಗಿದಿರಬೇಕು. ಮೂತ್ರಪಿಂಡ ಕೊಡಲು ಮುಂದೆ ಬಂದ ಒಡಹುಟ್ಟಿದವರ ಪರೀಕ್ಷೆಯೂ.