ಬಾಗಿಲು ನೆಗ್ಗಿದ ಫ್ರಿಜ್ ನಮ್ಮ ಮನೆಗೆ ಬಂದದ್ದು ಹೇಗೆ

ನಮ್ಮ ಹಳೇ ಫ್ರಿಜ್ ಕೊಂಡದ್ದು ಒಂದೇ ಗಂಟೆಯಲ್ಲಿ. ಅದಕ್ಕೂ ಮೊದಲಿದ್ದದ್ದು ರಾತ್ರೋರಾತ್ರಿ ಕೆಟ್ಟುಹೋಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆ ತುಂಬಾ ನೀರು. ಅಂಗಡಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ. "ಇವತ್ತೇ ಮನೆಗೆ ಕಳಿಸ್ತೀರಾ?" ಅಂತ ಕೇಳಿದೆ ನೋಡಿ, ಚೌಕಾಸಿ ಅಲ್ಲಿಗೇ ಮುಗಿಯಿತು. ಅವರು ಹೇಳಿದ ರೇಟು ಕೊಟ್ಟೆ, ಅವರು ತೋರಿಸಿದ ಬಣ್ಣವನ್ನೇ ತಂದೆ.

ಹಾಗಾಗಿ ಈ ಸಲ, ಹಳೆಯದು ಇನ್ನೂ ಓಡುತ್ತಿರುವಾಗಲೇ ಹುಡುಕಾಟ ಶುರು ಮಾಡಿದೆ. ಅದು ಹೋಗುವ ಕಾಲ ಬಂತು ಅಂತ ಗೊತ್ತಾಗುತ್ತಿತ್ತು. ಕಂಪ್ರೆಸರ್ ಸದ್ದು ನಿಲ್ಲುತ್ತಲೇ ಇರಲಿಲ್ಲ. ಬಾಗಿಲಿನ ರಬ್ಬರ್ ಒಂದು ಮೂಲೆಯಲ್ಲಿ ಬಿಗಿ ಕಳೆದುಕೊಂಡಿತ್ತು. ಪ್ಲಗ್‌ಗೆ ಸಿಕ್ಕಿಸುವ ಚಿಕ್ಕ ಮೀಟರ್ ತಂದು 24 ಗಂಟೆ ಇಟ್ಟು ನೋಡಿದೆ. 2.1 ಯೂನಿಟ್ ತಿಂದಿತ್ತು. ಅಂದರೆ ವರ್ಷಕ್ಕೆ ಸುಮಾರು 766 ಯೂನಿಟ್! ಅಷ್ಟೇ ದೊಡ್ಡ ಹೊಸ ಫ್ರಿಜ್‌ಗಳ ಲೇಬಲ್ ಮೇಲೆ ವರ್ಷಕ್ಕೆ 250 ಯೂನಿಟ್ ಆಸುಪಾಸು ಬರೆದಿತ್ತು. ಕಾಯುವುದೂ ಬಿಟ್ಟಿ ಅಲ್ಲ, ತಿಂಗಳಿಗೆ 40 ಯೂನಿಟ್ ಸುಮ್ನೆ ಸೋರುತ್ತಿದೆ ಅಂತ ಅರ್ಥವಾಯಿತು. ಎರಡು ತಿಂಗಳು ಕಾಯೋಣ, ಅದಕ್ಕಿಂತ ಜಾಸ್ತಿ ಬೇಡ ಅಂತ ನಿರ್ಧಾರ ಮಾಡಿದೆ.

ಮೊದಲ ವಾರ ಅಂಗಡಿ ಕಡೆ ತಲೆ ಹಾಕಲಿಲ್ಲ. ದಿನಾ ರಾತ್ರಿ ಹಳೇ ಫ್ರಿಜ್ ಬಾಗಿಲು ತೆಗೆದು ಒಂದು ಫೋಟೋ ತೆಗೆದಿಟ್ಟೆ. ಮನೆಯವರು ನಕ್ಕರು. ವಾರದ ಕೊನೆಗೆ ಏಳು ಫೋಟೋ ಒಟ್ಟಿಗೆ ನೋಡಿದಾಗ, ಕೆಳಗಿನ ಡ್ರಾಯರ್ ಒಂದು ದಿನವೂ ಅರ್ಧಕ್ಕಿಂತ ಮೇಲೆ ತುಂಬಿಲ್ಲ. ಮೇಲಿನ ತಟ್ಟೆಯ ಹಿಂಭಾಗದಲ್ಲಿ ಅದೇ ಮೂರು ಡಬ್ಬಿಗಳು ಅಲುಗಾಡದೆ ಕೂತಿವೆ. ಹಳೆಯದು 400 ಲೀಟರ್‌ನದು. "ಹೊಸದು ಇನ್ನೂ ಸ್ವಲ್ಪ ದೊಡ್ಡದಿರಲಿ" ಅಂತ ಮಾತಾಡಿಕೊಂಡಿದ್ದೆವು. ಫೋಟೋ ನೋಡಿದ ಮೇಲೆ 310 ಲೀಟರ್ ಸಾಕು ಅನ್ನಿಸಿತು. ಮುಂದೆ ಎಷ್ಟೇ ಚೌಕಾಸಿ ಮಾಡಿದರೂ ಇಷ್ಟು ದುಡ್ಡು ಉಳಿಯಲಿಲ್ಲ ಅನ್ನಬಹುದು. ಒಂದು ಮಾತು, ಲೀಟರ್ ಲೆಕ್ಕದಲ್ಲಿ ಎರಡು ಬಗೆ ಇರುತ್ತದೆ. ಒಳಗಿನ ಒಟ್ಟು ಜಾಗ ಒಂದು, ನಿಜವಾಗಿ ಸಾಮಾನು ಇಡಲು ಸಿಗುವ ಜಾಗ ಇನ್ನೊಂದು. ಅಂಗಡಿಯ ದೊಡ್ಡ ಬೋರ್ಡಿನ ಮೇಲೆ ಕೆಲವೊಮ್ಮೆ ಒಟ್ಟು ಜಾಗವನ್ನೇ ಬರೆದಿರುತ್ತಾರೆ. ಹೋಲಿಸುವಾಗ ಎರಡನೆಯದನ್ನೇ ಕೇಳಬೇಕು.

ಆಮೇಲೆ ಒಂದು ನೋಟ್‌ಬುಕ್ ಹಿಡಿದೆ. ಪ್ರತಿ ಭಾನುವಾರ ಐದಾರು ಮಾಡೆಲ್‌ಗಳ ರೇಟು ಬರೆಯುವುದು, ಅಷ್ಟೇ. ಅಂಗಡಿಯದ್ದೂ ಬರೆದೆ, ಆನ್‌ಲೈನ್‌ದೂ ಬರೆದೆ. ನಾಲ್ಕನೇ ವಾರದಲ್ಲಿ ನಾನು ಕಣ್ಣಿಟ್ಟಿದ್ದ ಒಂದು ಫ್ರಿಜ್‌ನ ರೇಟು ಇದ್ದಕ್ಕಿದ್ದಂತೆ ಏರಿತು. ಐದನೇ ವಾರ ಭರ್ಜರಿ ಸೇಲ್. ಶೇಕಡಾ 30 ಕಡಿತ ಅಂತ ಕೆಂಪು ಅಕ್ಷರದಲ್ಲಿ ಬರೆದಿತ್ತು. ನೋಟ್‌ಬುಕ್ ತೆಗೆದು ನೋಡಿದರೆ ಅದು ಮೂರನೇ ವಾರದ ಮಾಮೂಲಿ ರೇಟೇ! ನೋಟ್‌ಬುಕ್ ಇಲ್ಲದಿದ್ದರೆ ಅವತ್ತೇ ಓಡಿಹೋಗಿ ಕೊಳ್ಳುತ್ತಿದ್ದೆ. ಕಡಿತದ ಶೇಕಡಾ ಲೆಕ್ಕ ಅಲ್ಲಿಂದಾಚೆ ನಾನು ಓದಲೇ ಇಲ್ಲ. ಕೊನೆಗೆ ಕೈಯಿಂದ ಎಷ್ಟು ಹೋಗುತ್ತದೆ ಅನ್ನುವುದೊಂದನ್ನೇ ಬರೆದುಕೊಂಡೆ.

ಮಾಡೆಲ್ ನಂಬರ್ ವಿಷಯ ಇನ್ನೂ ಮಜವಾಗಿದೆ. "ಬೇರೆ ಕಡೆ ಕಮ್ಮಿ ಸಿಕ್ಕಿದರೆ ಅದೇ ರೇಟಿಗೆ ಕೊಡುತ್ತೇವೆ" ಅಂತ ಒಂದು ಅಂಗಡಿಯಲ್ಲಿ ಬೋರ್ಡ್ ಹಾಕಿದ್ದರು. ನಾನು ಖುಷಿಯಿಂದ ಇನ್ನೊಂದು ಅಂಗಡಿಯ ರೇಟು ತೋರಿಸಿದೆ. "ಅದು ಬೇರೆ ಮಾಡೆಲ್ ಸರ್" ಅಂದರು. ನಿಜ, ನಂಬರಿನ ಕೊನೆಯ ಎರಡು ಅಕ್ಷರ ಬೇರೆ. ಆದರೆ ಮನೆಗೆ ಬಂದು ಎರಡರ ವಿವರ ಪಕ್ಕಪಕ್ಕ ಇಟ್ಟೆ. ಎತ್ತರ, ಅಗಲ, ಲೀಟರ್, ತೂಕ, ವರ್ಷದ ಯೂನಿಟ್, ಗ್ಯಾಸ್, ಎಲ್ಲಾ ಒಂದೇ. ಬಾಗಿಲಿನ ಬಣ್ಣ ಬೇರೆ, ಒಂದರಲ್ಲಿ ಒಂದು ಬಾಟಲಿ ಸ್ಟ್ಯಾಂಡ್ ಜಾಸ್ತಿ. ರೇಟಿನಲ್ಲಿ ಮಾತ್ರ ಶೇಕಡಾ 11 ವ್ಯತ್ಯಾಸ. ಕೊನೆಯ ಅಕ್ಷರಗಳು ಬಣ್ಣವನ್ನೋ, ವರ್ಷವನ್ನೋ, ಯಾವ ಅಂಗಡಿಗಾಗಿ ಮಾಡಿದ್ದು ಅನ್ನುವುದನ್ನೋ ಹೇಳುವುದುಂಟು. ಅಲ್ಲಿಂದ ಮುಂದೆ ನಾನು ಹೆಸರು ನೋಡದೆ ಅಳತೆ ಮತ್ತು ಯೂನಿಟ್ ನೋಡಿ ಹೋಲಿಸಿದೆ. ಹೊಸ ವರ್ಷದ ಮಾಡೆಲ್ ಬಂದ ಕೂಡಲೇ ಹಳೇ ವರ್ಷದ್ದು ಅಗ್ಗವಾಗುವುದೂ ಹಾಗೇ ಕಣ್ಣಿಗೆ ಬಿತ್ತು. ನಾನು ನೋಡಿದ ಜೋಡಿಯಲ್ಲಿ ಹೊಸದರಲ್ಲಿ ಇದ್ದದ್ದು ಫೋನ್‌ನಿಂದ ತಂಪು ಬದಲಿಸುವ ಸೌಲಭ್ಯ ಒಂದೇ. ಫ್ರಿಜ್‌ನ ತಂಪನ್ನು ಹತ್ತು ವರ್ಷದಲ್ಲಿ ನಾನು ಎರಡು ಸಲ ಬದಲಿಸಿದ್ದೇನೆ.

ಯೂನಿಟ್ ಲೆಕ್ಕ ಬಹಳ ಸುಲಭ. ಒಂದು ಫ್ರಿಜ್ ವರ್ಷಕ್ಕೆ 220, ಇನ್ನೊಂದು 300 ಅಂತಿಟ್ಟುಕೊಳ್ಳಿ. ವ್ಯತ್ಯಾಸ 80. ಹತ್ತು ವರ್ಷಕ್ಕೆ 800 ಯೂನಿಟ್. ಅದನ್ನು ನಿಮ್ಮ ಕರೆಂಟ್ ಬಿಲ್ಲಿನಲ್ಲಿರುವ ಯೂನಿಟ್ ದರಕ್ಕೆ ಗುಣಿಸಿ, ಜಾಸ್ತಿ ಯೂನಿಟ್ ತಿನ್ನುವ ಫ್ರಿಜ್‌ನ ಬೆಲೆಗೆ ಕೂಡಿಸಿ. ಆಗ ಯಾವುದು ಅಗ್ಗ ಅಂತ ನೋಡಿ. ಇನ್ವರ್ಟರ್ ಕಂಪ್ರೆಸರ್ ಇದ್ದರೆ ಕರೆಂಟ್ ಉಳಿಯುತ್ತದೆ ಅನ್ನುವುದು ನಿಜ. ಅದು ಪದೇಪದೇ ನಿಂತು ಶುರುವಾಗುವ ಬದಲು ವೇಗ ತಗ್ಗಿಸಿ ಓಡುತ್ತಿರುತ್ತದೆ. ಆದರೆ ಇನ್ವರ್ಟರ್ ಅನ್ನುವ ಸ್ಟಿಕ್ಕರ್ ಇದ್ದೂ ಇನ್ನೊಂದಕ್ಕಿಂತ ಜಾಸ್ತಿ ಯೂನಿಟ್ ತಿನ್ನುವ ಮಾಡೆಲ್ ಕೂಡ ನನ್ನ ಪಟ್ಟಿಯಲ್ಲಿತ್ತು. ಹಾಗಾಗಿ ಲೇಬಲ್‌ನ ಅಂಕಿಯೇ ಮುಖ್ಯ.

ಒಂದು ಫ್ರಿಜ್ ಮಾತ್ರ ಎಲ್ಲದಕ್ಕಿಂತ ಬಹಳ ಅಗ್ಗವಾಗಿತ್ತು. ಯಾಕೆ ಅಂತ ತಲೆ ಕೆರೆದುಕೊಂಡೆ. ಒಳಗಿನ ತಗಡಿನ ಪಟ್ಟಿ ಓದಿದಾಗ ಸುಳಿವು ಸಿಕ್ಕಿತು. ಅದರ ಮೇಲೆ ಹವೆಯ ವರ್ಗ 'ಎನ್' ಅಂತಿತ್ತು. ಅಂದರೆ ಸುತ್ತಲಿನ ಶಾಖ 16ರಿಂದ 32 ಡಿಗ್ರಿ ಒಳಗಿದ್ದಾಗ ಸರಿಯಾಗಿ ಕೆಲಸ ಮಾಡುವಂತೆ ತಯಾರಿಸಿದ್ದು. 'ಎಸ್‌ಟಿ' ಅಂದರೆ 38ರವರೆಗೆ, 'ಟಿ' ಅಂದರೆ 43ರವರೆಗೆ. ಬೇಸಿಗೆಯಲ್ಲಿ, ಒಲೆ ಉರಿಯುತ್ತಿರುವಾಗ ಅಡುಗೆಮನೆ 32 ದಾಟುವುದಿಲ್ಲವೇ? ಅಗ್ಗಕ್ಕೆ ಕಾರಣ ಅದೇ ಇತ್ತೋ ಏನೋ, ನನಗೆ ಅದು ಬೇಡವಾಯಿತು.

ಈಗ ನೆಗ್ಗಿನ ಕಥೆಗೆ ಬರುತ್ತೇನೆ. ಅಂಗಡಿಯಲ್ಲಿ ತೋರಿಸಲು ಇಟ್ಟದ್ದು, ಸಾಗಿಸುವಾಗ ಏಟು ತಿಂದದ್ದು, ಗಿರಾಕಿ ಪೆಟ್ಟಿಗೆ ಬಿಚ್ಚಿ ವಾಪಸ್ ಕೊಟ್ಟದ್ದು, ಇವೆಲ್ಲಾ ಕಮ್ಮಿ ರೇಟಿಗೆ ಸಿಗುತ್ತವೆ. ಬೋರ್ಡ್ ಹಾಕಿರುವುದಿಲ್ಲ, ಕೇಳಬೇಕು. ನಾನು ವಾರದ ಮಧ್ಯೆ, ಬೆಳಗಿನ ಹೊತ್ತು, ಗಿರಾಕಿಗಳಿಲ್ಲದಾಗ ಹೋಗಿ ಕೇಳಿದೆ. ಮೊದಲ ಅಂಗಡಿಯವರು ಎಡಮಗ್ಗುಲಲ್ಲಿ ನೆಗ್ಗಿದ ಒಂದು ಫ್ರಿಜ್ ತೋರಿಸಿದರು. "ಈ ಕಡೆ ಗೋಡೆಗೆ ಬರುತ್ತೆ ಸರ್, ಯಾರಿಗೂ ಕಾಣಲ್ಲ." ಮಾತು ಸರಿಯಾಗೇ ಇತ್ತು. ಬಿಲ್ ಮಾಡಿ ಅನ್ನುವವನಿದ್ದೆ. ಅಷ್ಟರಲ್ಲಿ ನಮ್ಮ ಮನೆ ಫ್ರಿಜ್‌ನ ಪಕ್ಕ ಮುಟ್ಟಿದರೆ ಬಿಸಿ ಇರುವುದು ನೆನಪಾಯಿತು. ಬಿಸಿ ಯಾಕೆ? ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಶಾಖ ಹೊರಹಾಕುವ ಸಣ್ಣ ಕೊಳವೆಗಳು ಹಿಂದೆ ಕಪ್ಪು ಜಾಲರಿಯಾಗಿ ಕಾಣುವುದಿಲ್ಲ. ಪಕ್ಕದ ತಗಡಿನ ಒಳಗೇ ಅಂಟಿಕೊಂಡು ಓಡಿರುತ್ತವೆ. ಅಲ್ಲಿ ಚೂಪಾಗಿ ನೆಗ್ಗಿದರೆ ಕೊಳವೆ ಚಪ್ಪಟೆಯಾಗಿರಬಹುದು, ಎಳೆಯಷ್ಟು ಬಿರುಕೂ ಬಿಟ್ಟಿರಬಹುದು. ಹೊಸ ಫ್ರಿಜ್‌ಗಳಲ್ಲಿ ತಂಪು ಮಾಡಲು ಸಾಮಾನ್ಯವಾಗಿ ಬಳಸುವ ಆರ್600ಎ ಗ್ಯಾಸ್ ತುಂಬುವುದೇ ಬಹಳ ಸ್ವಲ್ಪ, ಮನೆ ಫ್ರಿಜ್‌ನಲ್ಲಿ ಮಾಮೂಲಾಗಿ 100 ಗ್ರಾಂಗಿಂತ ಕಮ್ಮಿ. ಅದರಲ್ಲಿ ಒಂದಿಷ್ಟು ಸೋರಿದರೂ ತಂಪು ಕಮ್ಮಿಯಾಗುತ್ತದೆ. ಗೋಡೆ ಕಡೆಗೆ ಮರೆಯಾಗುವ ನೆಗ್ಗೇ ಜಾಸ್ತಿ ಅಪಾಯದ್ದು ಅಂತ ಆಗ ಹೊಳೆಯಿತು. ಬಾಗಿಲು ಹಾಗಲ್ಲ. ಮಾಮೂಲಿ ಬಾಗಿಲಿನೊಳಗೆ ಫೋಮ್ ಬಿಟ್ಟರೆ ಏನೂ ಇರುವುದಿಲ್ಲ. ನೀರು ಬರುವ ನಲ್ಲಿ, ಸ್ಕ್ರೀನ್ ಇರುವ ಬಾಗಿಲಿನ ಮಾತು ಬೇರೆ.

ಇನ್ನೊಂದು ಅಂಗಡಿಯ ಡಿಸ್ಪ್ಲೇ ಪೀಸ್ ಕೂಡ ಕೈ ತಪ್ಪಿತು, ಅಥವಾ ನಾನು ತಪ್ಪಿಸಿಕೊಂಡೆ ಅನ್ನಿ. ರೇಟು ಚೆನ್ನಾಗಿತ್ತು. ಆದರೆ ಅದರ ವಾರಂಟಿ ಯಾರದೋ ಹೆಸರಲ್ಲಿ ಏಳು ತಿಂಗಳ ಹಿಂದೆಯೇ ಶುರುವಾಗಿತ್ತು. ಸೀರಿಯಲ್ ನಂಬರ್ ಕೊಟ್ಟು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ್ದಕ್ಕೆ ಗೊತ್ತಾಯಿತು. ಅಂಗಡಿಯವರು "ಅದೇನೂ ಆಗಲ್ಲ ಬಿಡಿ ಸರ್" ಅಂದರು. ನಾನು ಬಿಟ್ಟೇ ಬಂದೆ.

ಏಳನೇ ವಾರ ಸಿಕ್ಕಿತು ನಮ್ಮದು. ಹಿಂದಿನ ವರ್ಷದ ಮಾಡೆಲ್, 310 ಲೀಟರ್, ವರ್ಷಕ್ಕೆ 219 ಯೂನಿಟ್, 'ಟಿ' ವರ್ಗ. ಬಾಗಿಲಿನ ನಡುವೆ ಅಂಗೈಯಷ್ಟು ನೆಗ್ಗು. ನೋಡಿದ ಯಾರಿಗಾದರೂ ಮೊದಲು ಅದೇ ಕಾಣುತ್ತದೆ. ಅದಕ್ಕೇ ಯಾರೂ ಒಯ್ದಿರಲಿಲ್ಲ. ಏಟು ಬಿದ್ದ ಬಾಗಿಲು ಸೊಟ್ಟಗಾಗಿದ್ದರೆ ರಬ್ಬರ್ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಒಂದು ಕಾಗದದ ಚೂರನ್ನು ಬಾಗಿಲಿನ ನಾಲ್ಕೂ ಕಡೆ ಸಿಕ್ಕಿಸಿ ಎಳೆದು ನೋಡಿದೆ. ಎಲ್ಲಾ ಕಡೆ ಬಿಗಿಯಾಗಿತ್ತು. ಫೋನ್ ಟಾರ್ಚ್ ಹಚ್ಚಿ ಒಳಗಿಟ್ಟು ಬಾಗಿಲು ಹಾಕಿ, ಅಂಗಡಿಯ ಆ ಮೂಲೆಯ ದೀಪ ಆರಿಸಲು ಹೇಳಿದೆ. ಬೆಳಕು ಎಲ್ಲೂ ಸೋರಲಿಲ್ಲ. ಸೇಲ್ಸ್‌ಮನ್ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. "ಒಂದು ರಾತ್ರಿ ಓಡಿಸಿಡಿ, ನಾಳೆ ಬರ್ತೀನಿ" ಅಂದೆ. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಮುಳುಗಿಸಿ ಇಟ್ಟು ಬಂದೆ, ಫ್ರೀಜರ್‌ನಲ್ಲಿ ಇನ್ನೊಂದು. ಮಾರನೇ ದಿನ ಕೆಳಗೆ 4 ಡಿಗ್ರಿ, ಫ್ರೀಜರ್‌ನಲ್ಲಿ ಮೈನಸ್ 18. ಇರಬೇಕಾದದ್ದೂ ಅಷ್ಟೇ.

ಆಮೇಲೆ ರೇಟು. ಅವರು ಪೆಟ್ಟಿಗೆ ಬಿಚ್ಚದ ಫ್ರಿಜ್‌ಗಿಂತ ಶೇಕಡಾ 14 ಕಮ್ಮಿ ಹೇಳಿದರು. ಬಡ್ಡಿಯಿಲ್ಲದ ಕಂತಿನಲ್ಲಿ ಕೊಡಬಹುದು ಅಂತಲೂ ಅಂದರು. "ಒಟ್ಟಿಗೇ ಕೊಟ್ಟರೆ ಎಷ್ಟು?" ಅಂತ ಕೇಳಿದೆ. ಬಡ್ಡಿಯಿಲ್ಲದ ಕಂತು ಅಂದರೂ ಸಾಲ ಕೊಡುವವರಿಗೆ ಯಾರೋ ಒಬ್ಬರು ದುಡ್ಡು ಕೊಡಲೇಬೇಕಲ್ವಾ? ಅದು ನಮಗೆ ಸಿಗಬಹುದಾದ ಕಡಿತದಿಂದಲೇ ಬರುವುದುಂಟು. ಹಳೇ ಫ್ರಿಜ್ ಕೊಟ್ಟರೆ ಒಂದು ರೇಟು, ಕೊಡದಿದ್ದರೆ ಇನ್ನೊಂದು, ಎರಡನ್ನೂ ಬೇರೆಬೇರೆಯಾಗಿ ಕಾಗದದ ಮೇಲೆ ಬರೆಸಿದೆ. ಬರೆಸಿದಾಗ ಹಳೆಯದರ ಬೆಲೆ ಅನ್ನುವುದು ಹೆಚ್ಚೂಕಡಿಮೆ ಮಾಯವಾಯಿತು! ತಿಂಗಳ ಕೊನೆಯ ವಾರ ಬೇರೆ, ಅವರಿಗೂ ಮಾರಾಟದ ಗುರಿ ಮುಟ್ಟಬೇಕಿತ್ತೇನೋ. ಕೊನೆಗೆ ಶೇಕಡಾ 20ಕ್ಕೆ ಬಂದು ನಿಂತಿತು. ಹೆಚ್ಚುವರಿ ವಾರಂಟಿ ಬೇಡ ಅಂದೆ. ಅದರ ಸಣ್ಣ ಅಕ್ಷರ ಓದಿದ್ದೆ. ರಬ್ಬರ್, ಬಲ್ಬ್, ತಟ್ಟೆ ಯಾವುದೂ ಅದರಲ್ಲಿ ಬರುವುದಿಲ್ಲ. ಕಂಪ್ರೆಸರ್‌ಗೆ ಕಂಪನಿಯೇ 10 ವರ್ಷ ಕೊಟ್ಟಿತ್ತು. ಆ ಹತ್ತು ವರ್ಷ ಕಂಪ್ರೆಸರ್ ಎಂಬ ಭಾಗಕ್ಕೆ ಮಾತ್ರ, ಗ್ಯಾಸಿಗೂ ಕೂಲಿಗೂ ಅಲ್ಲ ಅನ್ನುವುದನ್ನೂ ಅಲ್ಲೇ ಓದಿದೆ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ, "ಬಾಗಿಲಿನ ನೆಗ್ಗು ಬಿಟ್ಟು ಉಳಿದದ್ದಕ್ಕೆಲ್ಲಾ ಇವತ್ತಿನಿಂದ ಪೂರ್ತಿ ವಾರಂಟಿ" ಅಂತ ಒಂದು ಸಾಲು ಸೇರಿಸಿ ಸೀಲು ಹಾಕಿಸಿಕೊಂಡೆ.

ಇಷ್ಟೆಲ್ಲಾ ಜಾಣತನ ಮಾಡಿಯೂ ಒಂದು ಕಡೆ ಎಡವಿದೆ. ಇಡುವ ಜಾಗ ಅಳೆದಿದ್ದೆ, ಗಾಳಿಯಾಡಲು ಹಿಂದೆ ಮತ್ತು ಪಕ್ಕದಲ್ಲಿ ಬಿಡಬೇಕಾದದ್ದನ್ನೂ ಲೆಕ್ಕ ಹಾಕಿದ್ದೆ. ಮನೆಯ ಬಾಗಿಲೂ ಅಳೆದಿದ್ದೆ. ಮೆಟ್ಟಿಲಿನ ತಿರುವು ಮಾತ್ರ ಅಳೆದಿರಲಿಲ್ಲ. ತಂದವರು ಅಲ್ಲಿ ನಿಂತು ನನ್ನ ಮುಖ ನೋಡಿದರು. ಮಲಗಿಸಿ ತಿರುಗಿಸುತ್ತೇವೆ ಅಂದರು, ನಾನು ಒಪ್ಪಲಿಲ್ಲ. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಕೊಳವೆಗಳಿಗೆ ಹರಿಯಬಹುದು. ಫ್ರಿಜ್‌ನ ಎರಡೂ ಬಾಗಿಲು ಬಿಚ್ಚಿ, ಮೇಲೆ ಒಯ್ದು, ಮತ್ತೆ ಜೋಡಿಸಿದರು. ಅದರ ಕೂಲಿಗೆ ನಾನು ಉಳಿಸಿದ್ದರಲ್ಲಿ ಒಂದು ಪಾಲು ಹೋಯಿತು. ಮರುಜೋಡಣೆ ಆದಮೇಲೆ ಇನ್ನೊಮ್ಮೆ ಕಾಗದ ಸಿಕ್ಕಿಸಿ ನೋಡಿದೆ, ನಾಲ್ಕು ಗಂಟೆ ಸುಮ್ಮನೆ ನಿಲ್ಲಿಸಿ ಆಮೇಲೆ ಪ್ಲಗ್ ಹಾಕಿದೆ.

ಮೊದಲ ವಾರ ಅದೇ ಚಿಕ್ಕ ಮೀಟರ್ ಸಿಕ್ಕಿಸಿಟ್ಟಿದ್ದೆ. ದಿನಕ್ಕೆ 0.7 ಯೂನಿಟ್ ತೋರಿಸಿತು. ಲೇಬಲ್ ಲೆಕ್ಕದಲ್ಲಿ 0.6 ಬರಬೇಕಿತ್ತು, ಆದರೆ ನಮ್ಮ ಮನೆಯಲ್ಲಿ ಬಾಗಿಲು ತೆಗೆದು ಯೋಚನೆ ಮಾಡುತ್ತಾ ನಿಲ್ಲುವವರು ಇಬ್ಬರಿದ್ದಾರೆ. ನೆಗ್ಗಿನ ಮೇಲೆ ಮಗಳು ಒಂದು ಕ್ಯಾಲೆಂಡರ್ ಅಂಟಿಸಿದ್ದಾಳೆ. ಹತ್ತು ದಿನ ಆದಮೇಲೆ ಅಭ್ಯಾಸಬಲದಿಂದ ನೋಟ್‌ಬುಕ್ ತೆಗೆದು ಭಾನುವಾರದ ರೇಟು ನೋಡಲು ಕೂತಿದ್ದೆ. ಹೆಂಡತಿ ಬಂದು ಅದನ್ನು ಕಿತ್ತುಕೊಂಡು ಹೋದಳು.