ಓಡುವ ಮನಸ್ಸಿಲ್ಲದಾಗ ನಾನು ಮೊದಲು ನೋಡುವುದು

ಮ್ಯಾರಥಾನ್ ಓಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ದೂರದ ಬಗ್ಗೆ ಅಲ್ಲ, ವೇಗದ ಬಗ್ಗೆಯೂ ಅಲ್ಲ. "ದಿನಾ ಹೋಗೋಕೆ ಮನಸ್ಸು ಹೇಗ್ರೀ ಬರುತ್ತೆ?" ಅಂತಲೇ ಕೇಳುತ್ತಾರೆ. ನನ್ನ ಉತ್ತರ ಅವರಿಗೆ ಸ್ವಲ್ಪ ಸಪ್ಪೆ ಅನ್ನಿಸುತ್ತದೆ. ದಿನಾ ಬರುವುದಿಲ್ಲ. ಬರದಿದ್ದಾಗ ನನ್ನನ್ನೇ ಸೋಮಾರಿ ಅಂತ ಬೈದುಕೊಳ್ಳುವುದೂ ಇಲ್ಲ. ಮೈ ಏನಾದರೂ ಹೇಳುತ್ತಿದೆಯಾ ಅಂತ ನೋಡುತ್ತೇನೆ.

ನನ್ನ ಲೆಕ್ಕ ಸರಳ. ಒಂದು ದಿನದ ಬೇಸರವಾದರೆ ಶೂ ಹಾಕಿಕೊಂಡು ಹತ್ತು ನಿಮಿಷ ಓಡುತ್ತೇನೆ. ಆಮೇಲೂ ಬೇಡ ಅನ್ನಿಸಿದರೆ ವಾಪಸ್. ಹೆಚ್ಚಿನ ಸಲ ವಾಪಸಾಗುವ ಪ್ರಮೇಯವೇ ಬರುವುದಿಲ್ಲ. ಆದರೆ ವಾರವಿಡೀ ಬೇಸರ, ಇಷ್ಟದ ಹಾದಿಯೂ ಬೇಡ, ರೇಸ್ ನೆನೆಸಿಕೊಂಡರೂ ಒಳಗೆ ಏನೂ ಮಿಸುಕುತ್ತಿಲ್ಲ ಅಂದರೆ ಅದು ಬೇರೆ ವಿಷಯ. ಆಗ ಹುರುಪಿನ ಮಾತು, ವಿಡಿಯೊ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಊಟ, ನಿದ್ದೆ, ಮುಟ್ಟು, ಕಬ್ಬಿಣಾಂಶ, ಈ ನಾಲ್ಕನ್ನು ನೋಡುತ್ತೇನೆ. ಕಾರಣ ಬಹುತೇಕ ಅಲ್ಲೇ ಸಿಗುತ್ತದೆ.

ಇದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎದ್ದ ಕೂಡಲೇ ಒಂದೇ ಸಾಲು: ನಿದ್ದೆ ಹೇಗಾಯಿತು, ನಾಡಿಬಡಿತ ಎಷ್ಟು, ಮುಟ್ಟಿನ ಎಷ್ಟನೇ ದಿನ, ಓಡುವ ಆಸೆಗೆ ಐದಕ್ಕೆ ಎಷ್ಟು ಅಂಕ. ಆಸೆಯ ಅಂಕ ಬರೆಯುವ ತನಕ ವಾಚ್ ನೋಡುವುದಿಲ್ಲ. 'ಇಂದು ನಿಮ್ಮ ದೇಹ ಸಿದ್ಧವಾಗಿಲ್ಲ' ಅಂತ ವಾಚ್ ತೋರಿಸಿಬಿಟ್ಟರೆ, ಅಲ್ಲಿಯ ತನಕ ಚೆನ್ನಾಗಿದ್ದವಳಿಗೂ ಸುಸ್ತು ಶುರುವಾಗುತ್ತದೆ! ಒಂದು ದಿನದ ಅಂಕಕ್ಕೆ ಬೆಲೆ ಇಲ್ಲ. ಸಾಲಾಗಿ ಒಂದು, ಎರಡು ಅಂತ ಬೀಳತೊಡಗಿದರೆ ಎಚ್ಚರ.

ಊಟದಿಂದ ಶುರು ಮಾಡುತ್ತೇನೆ, ಯಾಕೆಂದರೆ ಮಹಿಳಾ ಓಟಗಾರರಲ್ಲಿ ಜಾಸ್ತಿ ತಪ್ಪುವುದು ಅಲ್ಲೇ. ಊಟ ಸಾಲದೆ ಮುಟ್ಟು ಏರುಪೇರಾಗಿ, ಮೂಳೆ ಸವೆಯುವ ಸ್ಥಿತಿಯನ್ನು ಮೊದಲು 'ಫೀಮೇಲ್ ಅಥ್ಲೀಟ್ ಟ್ರಯಾಡ್' ಅನ್ನುತ್ತಿದ್ದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಅದನ್ನು ಇನ್ನೂ ಅಗಲವಾಗಿ ನೋಡಿ 'ರೆಡ್-ಎಸ್' (ರಿಲೇಟಿವ್ ಎನರ್ಜಿ ಡೆಫಿಶಿಯನ್ಸಿ ಇನ್ ಸ್ಪೋರ್ಟ್, ಅಂದರೆ ಕ್ರೀಡೆಯಲ್ಲಿ ಮೈಗೆ ಶಕ್ತಿ ಸಾಲದ ಸ್ಥಿತಿ) ಅಂತ ಕರೆದರು. ತೊಂದರೆ ಮೂಳೆ, ಮುಟ್ಟುಗಳಿಗೆ ಮಾತ್ರ ಅಲ್ಲ. ರೋಗನಿರೋಧಕ ಶಕ್ತಿ, ಹೃದಯ, ಜೀರ್ಣಕ್ರಿಯೆ, ಮನಸ್ಸು ಎಲ್ಲಕ್ಕೂ ತಟ್ಟುತ್ತದೆ, ಗಂಡಸರಿಗೂ ಬರುತ್ತದೆ ಅನ್ನುವುದು ಅವರ ಮಾತು.

ಒಳಗಿನ ಲೆಕ್ಕ ಹೀಗೆ. ತಿಂದ ಕ್ಯಾಲರಿಯಲ್ಲಿ ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದರೆ ಉಳಿಯುವುದೇ ಮೈಯ ಸ್ವಂತ ಕೆಲಸಕ್ಕೆ. ಕೊಬ್ಬು ಬಿಟ್ಟ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 45 ಕ್ಯಾಲರಿ ಉಳಿದರೆ ಒಳ್ಳೆಯದು. ಬಹಳ ದಿನ 30ಕ್ಕಿಂತ ಕೆಳಗಿದ್ದರೆ ಅಪಾಯ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆ 30 ಎಲ್ಲರಿಗೂ ಒಂದೇ ಗೆರೆ ಅಲ್ಲ, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. 55 ಕಿಲೋ ತೂಕದ ಹೆಣ್ಣುಮಗಳನ್ನು ತೆಗೆದುಕೊಳ್ಳಿ. ಕೊಬ್ಬು ಬಿಟ್ಟು 43 ಕಿಲೋ ಅನ್ನೋಣ. ಮೈಗೇ ಸುಮಾರು 1,900 ಕ್ಯಾಲರಿ ಬೇಕು. ಅವತ್ತು 20 ಕಿಲೋಮೀಟರ್ ಓಡಿದರೆ, ಕಿಲೋಮೀಟರಿಗೆ ಕಿಲೋ ತೂಕಕ್ಕೆ ಒಂದು ಕ್ಯಾಲರಿಯಂತೆ, ಇನ್ನೊಂದು 1,100. ಒಟ್ಟು 3,000! ಲಾಂಗ್ ರನ್ ಮುಗಿಸಿ ಬಂದಾಗ ಹಸಿವೇ ಇರುವುದಿಲ್ಲ, ಅಲ್ವಾ? ಹಾಗಾಗಿ ಹಸಿವನ್ನು ನಂಬಿ ಕೂತರೆ ಅಷ್ಟು ಒಳಗೆ ಹೋಗುವುದೇ ಇಲ್ಲ. ನಾನು ಓಟಕ್ಕೆ ಮುಂಚೆ ಸ್ವಲ್ಪ ತಿನ್ನುತ್ತೇನೆ. ಮುಗಿದ ಅರ್ಧ ಗಂಟೆಯೊಳಗೆ, ಬೇಕೋ ಬೇಡವೋ, ತಟ್ಟೆ ಮುಂದೆ ಕೂರುತ್ತೇನೆ. ಅದೂ ತರಬೇತಿಯ ಭಾಗವೇ.

ಮುಟ್ಟು ನಿಂತರೆ 'ಈಗ ಚೆನ್ನಾಗಿ ತಯಾರಾಗಿದ್ದೀಯ' ಅನ್ನುವ ಮಾತು ಓಟದ ವಲಯದಲ್ಲಿ ಇನ್ನೂ ಕಿವಿಗೆ ಬೀಳುತ್ತದೆ. ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ಶಕ್ತಿ ಸಾಲದು ಅಂತ ಮೆದುಳಿಗೆ ಅನ್ನಿಸಿದಾಗ ಅದು ಅಂಡಾಶಯಕ್ಕೆ ಕಳಿಸುವ ಸೂಚನೆ ಕಡಿಮೆ ಮಾಡುತ್ತದೆ. ಈಸ್ಟ್ರೋಜನ್ ಇಳಿಯುತ್ತದೆ. ಈಸ್ಟ್ರೋಜನ್ ಇಳಿದರೆ ಮೂಳೆ ಗಟ್ಟಿ ಉಳಿಯುವುದಿಲ್ಲ, ಸ್ಟ್ರೆಸ್ ಫ್ರ್ಯಾಕ್ಚರ್ (ಪದೇಪದೇ ಬೀಳುವ ಹೊರೆಗೆ ಮೂಳೆಯಲ್ಲಿ ಮೂಡುವ ಸಣ್ಣ ಬಿರುಕು) ಕಾದಿರುತ್ತದೆ. ಗರ್ಭಿಣಿ ಅಲ್ಲದೆ ಮೂರು ತಿಂಗಳು ಮುಟ್ಟು ಬರದಿದ್ದರೆ ಡಾಕ್ಟರ ಬಳಿ ಹೋಗಲೇಬೇಕು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಮಾತ್ರೆ ನಿಲ್ಲಿಸಿದ ದಿನಗಳಲ್ಲಿ ಬರುವ ರಕ್ತಸ್ರಾವ ನಿಜವಾದ ಮುಟ್ಟಲ್ಲ, ಒಳಗಿನ ಕೊರತೆಯನ್ನು ಅದು ಮುಚ್ಚಿಡುತ್ತದೆ.

ಇನ್ನು ಕಬ್ಬಿಣಾಂಶ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳ ಕಂಡಿರಬಹುದು. ಫೆರಿಟಿನ್ ಅಂದರೆ ಮೈಯಲ್ಲಿರುವ ಕಬ್ಬಿಣದ ಉಳಿತಾಯ. ನಮಗೆ ಮುಟ್ಟಿನಲ್ಲಿ ಹೋಗುವುದು ಒಂದು ಕಡೆ, ಬೆವರಿನಲ್ಲಿ ಸ್ವಲ್ಪ, ಹೆಜ್ಜೆ ನೆಲಕ್ಕೆ ಬಡಿದಾಗ ಒಡೆಯುವ ಕೆಂಪು ರಕ್ತಕಣಗಳದ್ದು ಸ್ವಲ್ಪ. ಜೊತೆಗೆ ಜೋರು ವ್ಯಾಯಾಮದ ನಂತರ 3ರಿಂದ 6 ಗಂಟೆಯ ಹೊತ್ತಿಗೆ ಹೆಪ್ಸಿಡಿನ್ ಅನ್ನುವ ಹಾರ್ಮೋನು ಏರಿ, ಕರುಳು ಕಬ್ಬಿಣ ಹೀರುವುದನ್ನು ತಡೆಯುತ್ತದೆ. ಆದ್ದರಿಂದ ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಾನು ಬೆಳಿಗ್ಗೆಯೇ, ಹೆಪ್ಸಿಡಿನ್ ಏರುವ ಮುಂಚೆ, ವಿಟಮಿನ್ ಸಿ ಜೊತೆ ನುಂಗುತ್ತೇನೆ. ಆಸುಪಾಸಿನಲ್ಲಿ ಕಾಫಿ, ಟೀ ಇಲ್ಲ. ಪರೀಕ್ಷೆ ಮಾಡಿಸದೆ ಸುಮ್ನೆ ಮಾತ್ರೆ ನುಂಗಬೇಡಿ. ಕಬ್ಬಿಣ ಜಾಸ್ತಿಯಾದರೂ ಮೈಗೆ ವಿಷವೇ.

ಮುಟ್ಟಿನ ಚಕ್ರಕ್ಕೆ ತಕ್ಕಂತೆ ತರಬೇತಿ ಮಾಡಿ ಅಂತ ಈಗ ಎಲ್ಲ ಆ್ಯಪ್‌ಗಳೂ ಹೇಳುತ್ತವೆ. ಈ ವಾರ ಭಾರ ಎತ್ತಿ, ಆ ವಾರ ಯೋಗ ಮಾಡಿ ಅಂತ ಬಣ್ಣಬಣ್ಣದ ಚಾರ್ಟು. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಅಧ್ಯಯನಗಳ ಸರಾಸರಿ ನೋಡಿದರೆ ಚಕ್ರದ ಹಂತಗಳ ನಡುವೆ ಸಾಮರ್ಥ್ಯದ ವ್ಯತ್ಯಾಸ ತೀರಾ ಚಿಕ್ಕದು, ಒಬ್ಬೊಬ್ಬರದು ಒಂದೊಂದು ಥರ. ಆದರೆ ಅಂಡ ಬಿಡುಗಡೆಯಾದ ಮೇಲೆ ಮೈ ಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುವುದು ನಿಜ. ಸೆಕೆಯಲ್ಲಿ ಅದು ಗೊತ್ತಾಗುತ್ತದೆ. ನನ್ನ ನೋಟ್‌ಬುಕ್ ಹೇಳುವ ಪ್ರಕಾರ, ಮುಟ್ಟಿಗೆ ಒಂದೆರಡು ದಿನ ಮುಂಚೆ ನನಗೆ ನಿದ್ದೆ ಕೆಡುತ್ತದೆ, ಅದೇ ಪೇಸ್‌ಗೆ ನಾಡಿ ಜಾಸ್ತಿ ಓಡುತ್ತದೆ. ಆಗ ಕಠಿಣ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡುವ ತರಬೇತಿ) ಇದ್ದರೆ ಎರಡು ದಿನ ಮುಂದಕ್ಕೆ ಹಾಕುತ್ತೇನೆ. ಅಷ್ಟೇ ನನ್ನ ಚಾರ್ಟು. ನಿಮ್ಮದು ಬೇರೆ ಇರಬಹುದು, ಬರೆದು ನೋಡಿದರೆ ತಾನೇ ಗೊತ್ತಾಗುವುದು.

ರೇಸ್ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಆ ದಿನವೇ ಮುಟ್ಟಾದರೆ? ಬ್ರಿಟನ್ನಿನ ಓಟಗಾರ್ತಿ ಪಾಲಾ ರ‍್ಯಾಡ್‌ಕ್ಲಿಫ್ 2002ರ ಶಿಕಾಗೊ ಮ್ಯಾರಥಾನ್‌ನಲ್ಲಿ 2 ಗಂಟೆ 17 ನಿಮಿಷ 18 ಸೆಕೆಂಡಿನಲ್ಲಿ ವಿಶ್ವ ದಾಖಲೆ ಮಾಡಿದ್ದು ಮುಟ್ಟಿನ ಹೊಟ್ಟೆನೋವಿನ ನಡುವೆಯೇ. ಅದನ್ನು ಅವರೇ ಹೇಳಿದ್ದಾರೆ. ದಾಖಲೆ ಇರಲಿ, ನನಗೆ ಬೇಕಾದದ್ದು ಸಲಕರಣೆ. ದೂರದ ಓಟಕ್ಕೆ ಪ್ಯಾಡ್ ಆಗಿಬರುವುದಿಲ್ಲ, ಒದ್ದೆಯಾಗಿ ತೊಡೆ ಸುಲಿಯುತ್ತದೆ. ಮೆನ್‌ಸ್ಟ್ರುಯಲ್ ಕಪ್ ನನಗೆ ಹೊಂದಿತು, ಆದರೆ ಲಾಂಗ್ ರನ್‌ಗಳಲ್ಲಿ ಹಾಕಿ ಅಭ್ಯಾಸವಾದ ಮೇಲೆಯೇ ರೇಸ್‌ಗೆ ಹಾಕಿದ್ದು. ಸ್ಪೋರ್ಟ್ಸ್ ಬ್ರಾದ ಕೆಳಪಟ್ಟಿ, ತೊಡೆಸಂದು, ತೋಳಿನ ಒಳಭಾಗಕ್ಕೆ ವ್ಯಾಸಲೀನ್. ನೋವಿಗೆ ಐಬುಪ್ರೊಫೇನ್ ನುಂಗಿ ಮ್ಯಾರಥಾನ್ ಓಡುವುದು ಮಾತ್ರ ಬೇಡ. ನೀರು ಇಳಿದ ಮೈಯಲ್ಲಿ ಅದು ಕಿಡ್ನಿಗೆ ಹೊರೆ.

ವಾರದ ತರಬೇತಿಯಲ್ಲಿ ಗುಟ್ಟೇನಿಲ್ಲ. ಐದು ದಿನ ಓಟ, ಎರಡು ದಿನ ಸ್ಟ್ರೆಂತ್ ಟ್ರೈನಿಂಗ್. ಓಟದಲ್ಲಿ ಸುಮಾರು ಶೇ. 80ರಷ್ಟು ಈಸಿ, ಅಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ನಿಧಾನ. ಈಸಿ ದಿನವನ್ನು ನಿಜವಾಗಿ ಈಸಿ ಇಡುವುದೇ ಕಷ್ಟ. ಹಿಂದಿನಿಂದ ಯಾರಾದರೂ ದಾಟಿ ಹೋದರೆ ಕಾಲು ತಾನಾಗಿ ಜೋರಾಗುತ್ತದೆ. ಸ್ಟ್ರೆಂತ್ ಅಂದರೆ ಸ್ಕ್ವಾಟ್, ಡೆಡ್‌ಲಿಫ್ಟ್, ಕಾಫ್ ರೈಸ್. ಕೈಗೆ ಚಿಕ್ಕ ಡಂಬೆಲ್ ಹಿಡಿದು ಐವತ್ತು ಸಲ ಆಡಿಸುವುದಲ್ಲ, ಆರೇಳು ಸಲ ಎತ್ತುವಷ್ಟರಲ್ಲಿ ಸಾಕಾಗುವಂಥ ಭಾರ. ಮೂಳೆಗೆ ಅದು ಬೇಕು. ಓಡುವಾಗ ಮೂತ್ರ ಸೋರುವುದನ್ನು ಎಷ್ಟೋ ಹೆಂಗಸರು ಯಾರಿಗೂ ಹೇಳದೆ ಕಪ್ಪು ಟೈಟ್ಸ್ ಹಾಕಿ ಸುಧಾರಿಸುತ್ತಾರೆ. ಅದಕ್ಕೂ ವ್ಯಾಯಾಮ ಇದೆ. ಪೆಲ್ವಿಕ್ ಫ್ಲೋರ್ (ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳು) ಬಗ್ಗೆ ಗೊತ್ತಿರುವ ಫಿಸಿಯೊಥೆರಪಿಸ್ಟ್ ಬಳಿ ಹೋದರೆ ಬಹಳಷ್ಟು ಜನರಿಗೆ ಕಡಿಮೆಯಾಗುತ್ತದೆ.

ಕತ್ತಲಲ್ಲಿ ಒಬ್ಬಳೇ ಓಡುವ ವಿಷಯವನ್ನು ತರಬೇತಿಯ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಮ್ಮ ದಿನಚರಿ ನಿಂತಿರುವುದೇ ಅದರ ಮೇಲೆ. ನಾನು ಹಾದಿ ಬದಲಿಸುತ್ತಿರುತ್ತೇನೆ. ಒಂದು ಕಿವಿ ಖಾಲಿ ಇಡುತ್ತೇನೆ. ಓಟದ ಮ್ಯಾಪನ್ನು ಎಲ್ಲರಿಗೂ ಕಾಣುವಂತೆ ಹಾಕುವುದಿಲ್ಲ. ಮನಸ್ಸು ಅಳುಕಿದ ದಿನ ಟ್ರೆಡ್‌ಮಿಲ್. ಅದನ್ನು ಹಿಂಜರಿಕೆ ಅನ್ನುವವರು ಒಮ್ಮೆ ಆ ಹೊತ್ತಿಗೆ ಒಬ್ಬರೇ ಹೋಗಿ ಬರಲಿ.

ರೇಸ್‌ಗೆ ಯಾವಾಗಲೂ ಮೂರು ಗುರಿ ಇಟ್ಟುಕೊಳ್ಳುತ್ತೇನೆ: ಎಲ್ಲ ಕೂಡಿ ಬಂದರೆ ಒಂದು ಸಮಯ, ಸಾಧಾರಣ ದಿನಕ್ಕೆ ಒಂದು ಸಮಯ, ಕೆಟ್ಟ ದಿನಕ್ಕೆ ಮರ್ಯಾದೆಯಾಗಿ ಮುಗಿಸುವುದು. ಮೊದಲ 5 ಕಿಲೋಮೀಟರ್ ಬೇಕೆಂದೇ ನಿಧಾನ. ಮ್ಯಾರಥಾನ್‌ನ ಎರಡನೇ ಅರ್ಧದಲ್ಲಿ ಸರಾಸರಿಯಾಗಿ ಗಂಡಸರಿಗಿಂತ ಹೆಂಗಸರ ವೇಗ ಕಡಿಮೆ ಬೀಳುತ್ತದೆ ಅಂತ ಅಧ್ಯಯನಗಳು ತೋರಿಸಿವೆ. 30 ಕಿಲೋಮೀಟರ್ ದಾಟಿದ ಮೇಲೆ ಅದು ಕಣ್ಣಿಗೇ ಕಾಣುತ್ತದೆ. ಶುರುವಿನಲ್ಲಿ ನುಗ್ಗಿದವರು ಒಬ್ಬೊಬ್ಬರೇ ನಡೆಯುತ್ತಿರುತ್ತಾರೆ. ಒಳಗೊಳಗೇ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ! ನನಗೂ ಕಾಲು ಬಿಗಿದಾಗ 42.195 ಕಿಲೋಮೀಟರ್ ಅನ್ನುವುದನ್ನೇ ಮರೆತು, ಮುಂದಿನ ನೀರಿನ ಟೇಬಲ್ ತನಕ ಮಾತ್ರ ಯೋಚಿಸುತ್ತೇನೆ.

ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಅನ್ನುವುದು ಹಳೆಯ ನಿಯಮ. ಗ್ಲೂಕೋಸ್, ಫ್ರಕ್ಟೋಸ್ ಎರಡೂ ಇರುವ ಜೆಲ್ (ಓಡುತ್ತಲೇ ನುಂಗುವ ಸಕ್ಕರೆಯ ಪಾಕ) ಆದರೆ 90 ಗ್ರಾಂ ತನಕ ಹೋಗಬಹುದು, ಆದರೆ ಹೊಟ್ಟೆಗೂ ವಾರಗಟ್ಟಲೆ ತರಬೇತಿ ಬೇಕು. ನೀರು ಬಾಯಾರಿಕೆಗೆ ತಕ್ಕಷ್ಟು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಇಳಿದಿತ್ತು. ಜಾಸ್ತಿ ನೀರು ಕುಡಿದು ತೂಕ ಏರಿಸಿಕೊಂಡವರಿಗೆ, ನಾಲ್ಕು ಗಂಟೆಗೂ ಮೀರಿ ಓಡಿದವರಿಗೆ ಅಪಾಯ ಹೆಚ್ಚಿತ್ತು. ಚಿಕ್ಕ ಮೈಯವಳು, ದೊಡ್ಡ ಮೈಯವರಷ್ಟೇ ಲೋಟ ಖಾಲಿ ಮಾಡಬೇಕಿಲ್ಲ.

ಸ್ಫೂರ್ತಿ ಯಾರು ಅಂತ ಕೇಳಿದರೆ ಎಲ್ಲರೂ 1967ರಲ್ಲಿ, ಅಧಿಕಾರಿಯೊಬ್ಬ ಎಳೆದು ಹೊರಹಾಕಲು ನೋಡಿದರೂ ಬಿಡದೆ ಬಾಸ್ಟನ್ ಮ್ಯಾರಥಾನ್ ಓಡಿದ ಕ್ಯಾಥರೀನ್ ಸ್ವಿಟ್ಜರ್ ಹೆಸರು ಹೇಳುತ್ತಾರೆ. ಒಲಿಂಪಿಕ್ಸ್ 1928ರಲ್ಲಿ ಮಹಿಳೆಯರಿಗೆ 800 ಮೀಟರ್ ಕೊಟ್ಟು, ಕಿತ್ತುಕೊಂಡು, 1960ರ ತನಕ ವಾಪಸ್ ಕೊಡಲಿಲ್ಲ. ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ಆ ಮೊದಲ ಓಟವನ್ನು ಜೋನ್ ಬೆನೊಯ್ಟ್ 2:24:52ರಲ್ಲಿ ಗೆದ್ದರು. ನನ್ನ ಮೆಚ್ಚಿನವರು ಮಾತ್ರ ಜಾಸ್ಮಿನ್ ಪ್ಯಾರಿಸ್. 2019ರಲ್ಲಿ ಬ್ರಿಟನ್ನಿನ 268 ಮೈಲಿಯ ಸ್ಪೈನ್ ರೇಸ್‌ನಲ್ಲಿ ನಡುನಡುವೆ ನಿಂತು ಮಗುವಿಗೆ ಎದೆಹಾಲು ತೆಗೆದಿಡುತ್ತಾ, ಗಂಡಸರನ್ನೂ ಸೇರಿಸಿ ಎಲ್ಲರನ್ನೂ ಸೋಲಿಸಿದರು. 2024ರಲ್ಲಿ ಅಮೆರಿಕದ ಗುಡ್ಡಗಾಡಿನ ಅತಿ ಕಠಿಣ ಓಟವಾದ ಬಾರ್ಕ್ಲಿ ಮ್ಯಾರಥಾನ್ಸ್ ಪೂರ್ತಿ ಮಾಡಿದ ಮೊದಲ ಮಹಿಳೆಯಾದರು: 60 ಗಂಟೆಯ ಗಡುವಿಗೆ 59 ಗಂಟೆ 58 ನಿಮಿಷ 21 ಸೆಕೆಂಡ್. ಇಷ್ಟಾದರೂ, ಮೈ ದಣಿದಿರುವಾಗ ಇವರ ಕಥೆ ನನ್ನನ್ನು ಹಾಸಿಗೆಯಿಂದ ಎಬ್ಬಿಸುವುದಿಲ್ಲ. ಎಬ್ಬಿಸುವುದು ಆರಕ್ಕೆ ಮೂಲೆಯಲ್ಲಿ ಕಾಯುತ್ತೇನೆ ಅಂದ ಗೆಳತಿ.

ರೇಸ್ ಮುಗಿದ ಮೇಲೆ ಬರುವ ಖಾಲಿತನಕ್ಕೆ ಬಹಳ ಜನ ಕೂಡಲೇ ಇನ್ನೊಂದು ರೇಸ್‌ಗೆ ಹೆಸರು ಕೊಡುತ್ತಾರೆ. ನಾನು ಎರಡು ವಾರ ವಾಚ್ ಕಟ್ಟುವುದಿಲ್ಲ. ನಡೆಯುತ್ತೇನೆ, ಈಜುತ್ತೇನೆ, ಮಲಗುತ್ತೇನೆ. ಆ ಬಿಡುವು ಮುಗಿಯುವ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸುತ್ತೇನೆ. ರೇಸ್‌ನ ಮರುದಿನವೇ ಮಾಡಿಸಿದರೆ ಮೈಯ ಉರಿಯೂತದಿಂದ ಫೆರಿಟಿನ್ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಆ ವರದಿ ಬಂದು, ಮುಟ್ಟು ಸರಿಯಾದ ದಿನಕ್ಕೆ ಆದ ಮೇಲೆಯೇ ಮುಂದಿನ ರೇಸ್‌ನ ಫಾರಂ ತೆರೆಯುವುದು.